ಬೆನ್ನಿನ ಆಪರೇಷನ್: ಹೆದರುವ ಮೊದಲು, ಒಪ್ಪುವ ಮೊದಲು

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಆರೋಗ್ಯ ಮಾಹಿತಿಯ ಬರಹ ರೂಪ)



ಸಂಘಗಳ ಭೇಟಿಗೆ ಹೋದಾಗಲೆಲ್ಲ ನಾವು ಕೇಳುವ ಮಾತೊಂದಿದೆ. ಉಳಿತಾಯ ಕಟ್ಟಿ, ಸಾಲದ ಲೆಕ್ಕ ಬರೆದು, ಪುಸ್ತಕ ಮುಚ್ಚಿದ ಮೇಲೆ ಯಾರಾದರೊಬ್ಬರು ಪಕ್ಕಕ್ಕೆ ಬಂದು, "ಸಿಸ್ಟರ್, ನಂಗೆ ಡಿಸ್ಕ್ ಜಾರಿದೆ ಅಂತಾರೆ. ಆಪರೇಷನ್ ಮಾಡಿಸ್ಬೇಕಂತೆ. ಮಾಡಿಸಿದ್ರೆ ಕಾಲು ಬಿದ್ದು ಹೋಗುತ್ತಂತೆ. ಏನ್ಮಾಡ್ಲಿ?" ಅಂತಾರೆ. ಹುಲ್ಲು ಹೊರೆ ಹೊತ್ತವರು, ನೀರು ಹೊತ್ತವರು, ಗದ್ದೆಯಲ್ಲಿ ದಿನವಿಡೀ ಬಗ್ಗಿ ನಾಟಿ ಮಾಡಿದವರು, ಬೀಡಿ ಕಟ್ಟುತ್ತಾ ಒಂದೇ ಕಡೆ ಕೂತವರು, ಗಾರ್ಮೆಂಟ್ಸ್‌ನಲ್ಲಿ ಮಿಷನ್ ತುಳಿದವರು, ಎಲ್ಲರದ್ದೂ ಇದೇ ಕಥೆ.

ಇದರಲ್ಲಿ ಎರಡು ರೀತಿಯ ನಷ್ಟ ಆಗುವುದನ್ನು ನಾವು ಕಂಡಿದ್ದೇವೆ. ಆಪರೇಷನ್ ಬೇಡವಾಗಿದ್ದವರು ಸಾಲ ಮಾಡಿ, ಒಡವೆ ಅಡವಿಟ್ಟು ಮಾಡಿಸಿಕೊಂಡಿದ್ದಾರೆ. ನೋವೂ ಹೋಗಲಿಲ್ಲ, ಸಾಲವೂ ತೀರಲಿಲ್ಲ. ಇನ್ನು ಕೆಲವರಿಗೆ ಆಪರೇಷನ್ ತುರ್ತಾಗಿ ಬೇಕಿತ್ತು. ಅವರು ಹೆದರಿ ಮನೆಯಲ್ಲೇ ಮಲಗಿ, ಎಣ್ಣೆ ನೀವಿಸಿಕೊಂಡು, ಕಾಲಿನ ಬಲ ಕಳೆದುಕೊಂಡ ಮೇಲೆ ಆಸ್ಪತ್ರೆಗೆ ಬಂದರು. ಎರಡಕ್ಕೂ ಕಾರಣ ಒಂದೇ: ಯಾವ ಆಪರೇಷನ್ ಯಾವ ಕಾಯಿಲೆಗೆ ಅನ್ನುವುದು ನಮಗೆ ಗೊತ್ತಿಲ್ಲದಿರುವುದು.

ನಾವು ಡಾಕ್ಟರುಗಳಲ್ಲ, ಸಮಾಜ ಕಾರ್ಯಕರ್ತೆಯರು. ನಿಮಗೆ ಆಪರೇಷನ್ ಬೇಕೋ ಬೇಡವೋ ಅಂತ ಹೇಳುವುದು ನಮ್ಮ ಕೆಲಸ ಅಲ್ಲ. ಆದರೆ ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು, ಯಾವಾಗ ಕಾಯಬಹುದು, ಯಾವಾಗ ಒಂದು ದಿನವೂ ಕಾಯಬಾರದು ಅನ್ನುವುದನ್ನು ನಾವೆಲ್ಲ ಸೇರಿ ತಿಳಿದುಕೊಳ್ಳಬಹುದು.

ನಮ್ಮ ಬೆನ್ನಿನೊಳಗೆ ಏನಿದೆ?

ಕುತ್ತಿಗೆಯಿಂದ ಸೊಂಟದವರೆಗೆ ಬೆನ್ನಿನಲ್ಲಿ ಅಲುಗಾಡುವ 24 ಮೂಳೆಗಳಿವೆ. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5. ಇವುಗಳನ್ನು ಮಣಿ ಅಂತ ಕರೆಯೋಣ. ಅದರ ಕೆಳಗೆ ಒಂದಕ್ಕೊಂದು ಅಂಟಿಕೊಂಡ ಮೂಳೆಗಳು ಕುಂಡೆಯ ನಡುವಿನವರೆಗೆ ಇಳಿದಿವೆ. ಪ್ರತಿ ಮಣಿಯ ಹಿಂಭಾಗದಲ್ಲಿ ಒಂದು ತೂತು. ಮಣಿಗಳು ಒಂದರ ಮೇಲೊಂದು ಕೂತಾಗ ಆ ತೂತುಗಳೆಲ್ಲ ಸೇರಿ ಒಂದು ಕೊಳವೆ ಆಗುತ್ತದೆ. ಮಿದುಳಿನಿಂದ ಬರುವ ಬೆನ್ನುಹುರಿ ಇಳಿಯುವುದು ಈ ಕೊಳವೆಯಲ್ಲೇ. ದೊಡ್ಡ ಕಾಲುವೆಯಿಂದ ಗದ್ದೆ ಗದ್ದೆಗೆ ಮರಿಗಾಲುವೆ ಒಡೆದ ಹಾಗೆ, ಪ್ರತಿ ಮಣಿಯ ಸಂದಿನಿಂದ ಎಡಕ್ಕೊಂದು ಬಲಕ್ಕೊಂದು ನರ ಹೊರಡುತ್ತದೆ. ಕುತ್ತಿಗೆಯ ನರಗಳು ಕೈಗೆ, ಸೊಂಟದ ನರಗಳು ಕಾಲಿಗೆ.

ಎರಡು ಮಣಿಗಳ ನಡುವೆ ಇರುವ ಮೆತ್ತೆಯೇ ಡಿಸ್ಕ್. ಇದನ್ನು ಒಂದು ಹೋಳಿಗೆ ಅಂತ ತಿಳಿದುಕೊಳ್ಳಿ. ಹೊರಗೆ ಗಟ್ಟಿ ಕಣಕ, ಒಳಗೆ ಮೆತ್ತನೆಯ ಹೂರಣ. ಕಣಕ ಒಂದು ಕಡೆ ಹರಿದರೆ ಹೂರಣ ಹೊರಗೆ ಬರುತ್ತದಲ್ಲ, ಡಿಸ್ಕ್ ಜಾರುವುದು ಅಂದರೆ ಅದೇ. ಇಡೀ ಡಿಸ್ಕ್ ಜಾಗ ಬಿಟ್ಟು ಎಲ್ಲಿಗೋ ಹೋಗುವುದಿಲ್ಲ. ಹೊರಗೆ ಬಂದ ಹೂರಣ ಪಕ್ಕದ ನರವನ್ನು ಒತ್ತಿದಾಗ ನೋವು ಸೊಂಟದಿಂದ ಕುಂಡೆ, ತೊಡೆಯ ಹಿಂಭಾಗ, ಮೀನಖಂಡ, ಪಾದದವರೆಗೆ ಕರೆಂಟ್ ಹೊಡೆದ ಹಾಗೆ ಇಳಿಯುತ್ತದೆ. ಇದಕ್ಕೇ ಡಾಕ್ಟರು 'ಸಯಾಟಿಕಾ' ಅನ್ನುತ್ತಾರೆ. ಇದು ಹೆಚ್ಚಾಗಿ ಆಗುವುದು ಸೊಂಟದ ಕೊನೆಯ ಎರಡು ಡಿಸ್ಕ್‌ಗಳಲ್ಲಿ.

ಇನ್ನೊಂದು ವಿಷಯ ಚೆನ್ನಾಗಿ ನೆನಪಿಡಿ. ಬೆನ್ನುಹುರಿ ಸೊಂಟದ ಒಂದನೇ ಅಥವಾ ಎರಡನೇ ಮಣಿಯ ಹತ್ತಿರವೇ ಮುಗಿಯುತ್ತದೆ. ಅದರ ಕೆಳಗೆ ಇರುವುದು ಕುದುರೆಯ ಬಾಲದ ಹಾಗೆ ಇಳಿಬಿದ್ದ ನರಗಳ ಗೊಂಚಲು. ಆದ್ದರಿಂದ ಸೊಂಟದ ಕೆಳಗಿನ ಡಿಸ್ಕ್ ಆಪರೇಷನ್‌ನಲ್ಲಿ ಬೆನ್ನುಹುರಿಯನ್ನು ಮುಟ್ಟುವುದೇ ಇಲ್ಲ. "ಬೆನ್ನಿಗೆ ಕತ್ತಿ ಹಾಕಿದರೆ ಎರಡೂ ಕಾಲು ಹೋಗುತ್ತೆ" ಅನ್ನುವ ಹೆದರಿಕೆ ನಮ್ಮ ಊರುಗಳಲ್ಲಿ ಇರುವಷ್ಟು ದೊಡ್ಡದಾಗಿ ನಿಜದಲ್ಲಿ ಇಲ್ಲ. ನರಕ್ಕೆ ಪೆಟ್ಟಾಗುವ ಅಪಾಯ ಇದ್ದೇ ಇದೆ, ಆದರೆ ಅದು ವಿರಳ.

ಹೆಚ್ಚಿನ ಸೊಂಟ ನೋವಿಗೆ ಆಪರೇಷನ್ ಬೇಡ

ಭಾರ ಎತ್ತಿ ಅಥವಾ ಬಗ್ಗಿ ಹಿಡಿದುಕೊಂಡ ಸೊಂಟ ನೋವು ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಡಿಸ್ಕ್‌ನಿಂದ ಕಾಲಿಗೆ ಇಳಿದ ನೋವು ಸಹ ಬಹಳ ಮಂದಿಗೆ ಆರರಿಂದ ಹನ್ನೆರಡು ವಾರದಲ್ಲಿ ಕಡಿಮೆ ಆಗುತ್ತದೆ. ಹೊರಗೆ ಬಂದ ಆ ಹೂರಣವನ್ನು ನಮ್ಮ ದೇಹವೇ ನಿಧಾನವಾಗಿ ಕರಗಿಸಿಕೊಳ್ಳುತ್ತದೆ.

2007ರಲ್ಲಿ ನೆದರ್‌ಲ್ಯಾಂಡ್ಸ್ ದೇಶದ ಒಂದು ಅಧ್ಯಯನ ಪ್ರಕಟವಾಯಿತು. ಆರರಿಂದ ಹನ್ನೆರಡು ವಾರ ಜೋರಾಗಿ ಕಾಲು ನೋವಿದ್ದ 283 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬೇಗ ಆಪರೇಷನ್. ಇನ್ನೊಂದು ಗುಂಪಿಗೆ ಮಾತ್ರೆ, ವ್ಯಾಯಾಮ, ಕಾಯುವುದು. ಬೇಗ ಆಪರೇಷನ್ ಆದವರಿಗೆ ನೋವು ಬೇಗ ಇಳಿಯಿತು, ಇದು ನಿಜ. ಆದರೆ ಒಂದು ವರ್ಷ ಆದಾಗ ಎರಡೂ ಗುಂಪಿನಲ್ಲಿ ನೂರಕ್ಕೆ 95 ಮಂದಿ ಚೇತರಿಸಿಕೊಂಡಿದ್ದರು. ಕಾಯುವ ಗುಂಪಿನಲ್ಲಿ ನೂರಕ್ಕೆ 39 ಮಂದಿಗೆ ನೋವು ತಡೆಯಲಾರದೆ ಕೊನೆಗೆ ಆಪರೇಷನ್ ಮಾಡಿಸಬೇಕಾಯಿತು. ಉಳಿದವರಿಗೆ ಆ ವರ್ಷದಲ್ಲಿ ಬೇಕಾಗಲಿಲ್ಲ. ಅಂದರೆ ಅಪಾಯದ ಲಕ್ಷಣ ಇಲ್ಲದಿದ್ದರೆ ಕಾಯುವುದು ತಪ್ಪಲ್ಲ, ನೋವು ತಡೆಯಲಾರದೆ ಮಾಡಿಸಿಕೊಳ್ಳುವುದೂ ತಪ್ಪಲ್ಲ. ಆಯ್ಕೆ ನಿಮ್ಮದು.

ಕಾಯುವುದು ಅಂದರೆ ಮಲಗಿಬಿಡುವುದಲ್ಲ. ಒಂದೆರಡು ದಿನಕ್ಕಿಂತ ಹೆಚ್ಚು ಹಾಸಿಗೆ ಹಿಡಿದರೆ ಸ್ನಾಯು ಸೋಲುತ್ತದೆ, ನೋವು ಬೇರೂರುತ್ತದೆ. ಆಗುವಷ್ಟು ನಡೆಯಬೇಕು, ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮ ದಿನವೂ ಮಾಡಬೇಕು, ಭಾರ ಎತ್ತುವುದನ್ನು ನಿಲ್ಲಿಸಬೇಕು.

ಸ್ಕ್ಯಾನಿಂಗ್ ರಿಪೋರ್ಟ್ ಬಗ್ಗೆಯೂ ಒಂದು ಮಾತು. ಎಂಆರ್‌ಐ ರಿಪೋರ್ಟ್‌ನಲ್ಲಿ 'ಡಿಸ್ಕ್ ಬಲ್ಜ್', 'ಡೀಜನರೇಷನ್' ಅಂತ ಬರೆದಿದ್ದರೆ ಮನೆಯವರೆಲ್ಲ ಗಾಬರಿ ಬೀಳುತ್ತಾರೆ. ಯಾವ ನೋವೂ ಇಲ್ಲದ ಆರೋಗ್ಯವಂತರ ಬೆನ್ನನ್ನು ಸ್ಕ್ಯಾನ್ ಮಾಡಿದ ಅನೇಕ ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದರು. 20 ವರ್ಷದವರಲ್ಲೇ ನೂರಕ್ಕೆ 30 ಮಂದಿಗೆ ಡಿಸ್ಕ್ ಉಬ್ಬಿತ್ತು. 80 ವರ್ಷದವರಲ್ಲಿ ನೂರಕ್ಕೆ 84 ಮಂದಿಗೆ. ತಲೆಕೂದಲು ನರೆತ ಹಾಗೆ ಡಿಸ್ಕ್ ಕೂಡ ವಯಸ್ಸಿಗೆ ಒಣಗುತ್ತದೆ. ಆಪರೇಷನ್ ಮಾಡಬೇಕಾದದ್ದು ಮನುಷ್ಯರಿಗೆ, ಫೋಟೋಗೆ ಅಲ್ಲ. ನಿಮ್ಮ ನೋವು ಇರುವ ಜಾಗ, ಡಾಕ್ಟರು ಕೈಯಿಂದ ಪರೀಕ್ಷೆ ಮಾಡಿ ಕಂಡದ್ದು, ಸ್ಕ್ಯಾನಿಂಗ್‌ನಲ್ಲಿ ಕಂಡದ್ದು, ಈ ಮೂರೂ ಒಂದಕ್ಕೊಂದು ಹೊಂದಬೇಕು.

ಯಾವ ಆಪರೇಷನ್, ಯಾವ ಕಾಯಿಲೆಗೆ?

*1. ಡಿಸ್ಕ್ ತೆಗೆಯುವುದು (ಡಿಸ್ಕೆಕ್ಟಮಿ):* ನರವನ್ನು ಒತ್ತುತ್ತಿರುವ ಹೂರಣದ ತುಣುಕನ್ನು ಮಾತ್ರ ತೆಗೆಯುತ್ತಾರೆ, ಇಡೀ ಡಿಸ್ಕನ್ನಲ್ಲ. ಈಗ ಹೆಚ್ಚಿನ ಕಡೆ ದೊಡ್ಡದಾಗಿ ತೋರಿಸುವ ಮೈಕ್ರೋಸ್ಕೋಪ್ ಇಟ್ಟುಕೊಂಡು ಸಣ್ಣ ಗಾಯದಲ್ಲೇ ಮಾಡುತ್ತಾರೆ. ಕೆಲವು ಕಡೆ ಕೊಳವೆ ತೂರಿಸಿ ಎಂಡೋಸ್ಕೋಪ್ ಮೂಲಕವೂ ಮಾಡುತ್ತಾರೆ. ಸಾಮಾನ್ಯವಾಗಿ ಮರುದಿನವೇ ಎಬ್ಬಿಸಿ ನಡೆಸುತ್ತಾರೆ. ಈ ಆಪರೇಷನ್ ಕಾಲಿಗೆ ಇಳಿಯುವ ನೋವಿಗೆ ಒಳ್ಳೆಯದು. ಬರೀ ಸೊಂಟ ನೋವಿಗೆ ಅಷ್ಟಾಗಿ ಉಪಯೋಗ ಇಲ್ಲ. ಇದನ್ನು ತಿಳಿಯದೆ ಮಾಡಿಸಿಕೊಂಡವರು "ಕಾಲು ನೋವು ಹೋಯ್ತು ಸಿಸ್ಟರ್, ಸೊಂಟ ನೋವು ಹಾಗೇ ಇದೆ, ಆಪರೇಷನ್ ಕೆಟ್ಟುಹೋಯ್ತು" ಅನ್ನುತ್ತಾರೆ. ಕೆಟ್ಟುಹೋದದ್ದಲ್ಲ. ಅದು ಮಾಡುವ ಕೆಲಸವೇ ಅಷ್ಟು. ಹರಿದ ಜಾಗದಿಂದ ಮತ್ತೆ ಹೂರಣ ಬರುವ ಸಂಭವವೂ ಇದೆ. ನೂರರಲ್ಲಿ ಸುಮಾರು ಐದರಿಂದ ಹತ್ತು ಮಂದಿಗೆ ಹೀಗೆ ಆಗಬಹುದು.

*2. ಕೊಳವೆ ಅಗಲ ಮಾಡುವುದು (ಲ್ಯಾಮಿನೆಕ್ಟಮಿ):* ವಯಸ್ಸಾದಂತೆ ಮೂಳೆ ಬೆಳೆದು, ಒಳಗಿನ ಪದರ ದಪ್ಪವಾಗಿ ನರದ ಕೊಳವೆ ಕಿರಿದಾಗುತ್ತದೆ. ಎರಡೂ ಕಡೆಯ ಮನೆಯವರು ಜಗುಲಿ ಮುಂದಕ್ಕೆ ತಂದು ಓಣಿ ಕಿರಿದಾದ ಹಾಗೆ. ಇದರ ಗುರುತು ಸುಲಭ. ಸ್ವಲ್ಪ ದೂರ ನಡೆದರೆ ಎರಡೂ ಕಾಲು ಭಾರ, ಜೋಮು. ಕೂತರೆ ಅಥವಾ ಮುಂದಕ್ಕೆ ಬಗ್ಗಿದರೆ ಹಾಯ್ ಅನ್ನಿಸುತ್ತದೆ. ಸಂತೆಗೆ ಹೋಗುವ ದಾರಿಯಲ್ಲಿ ನಾಲ್ಕು ಕಡೆ ಕೂತು ಹೋಗುವ ಅಜ್ಜಿಯರನ್ನು ನೀವೇ ನೋಡಿದ್ದೀರಿ. ಆಪರೇಷನ್‌ನಲ್ಲಿ ಮಣಿಯ ಹಿಂಭಾಗದ ಮೂಳೆಯನ್ನು ಸ್ವಲ್ಪ ತೆಗೆದು ನರಕ್ಕೆ ಜಾಗ ಮಾಡುತ್ತಾರೆ. ನಡೆಯುವ ಶಕ್ತಿ ಸುಧಾರಿಸುತ್ತದೆ.

*3. ಸ್ಕ್ರೂ, ರಾಡು ಹಾಕಿ ಬೆಸೆಯುವುದು (ಫ್ಯೂಷನ್):* ಎರಡು ಮಣಿಗಳ ನಡುವೆ ಮೂಳೆಯ ಚೂರು ಇಟ್ಟು, ಸ್ಕ್ರೂ ರಾಡುಗಳಿಂದ ಬಿಗಿದು, ಎರಡೂ ಒಂದೇ ಮೂಳೆಯಾಗಿ ಕೂಡುವಂತೆ ಮಾಡುತ್ತಾರೆ. ಒಂದು ಮಣಿ ಇನ್ನೊಂದರ ಮೇಲಿಂದ ಮುಂದಕ್ಕೆ ಜಾರಿದ್ದರೆ, ಮೇಲಿಂದ ಬಿದ್ದು ಮಣಿ ಮುರಿದು ಅಲುಗಾಡುತ್ತಿದ್ದರೆ, ಬೆನ್ನು ಬಹಳ ಸೊಟ್ಟ ಆಗಿದ್ದರೆ, ರೋಗದಿಂದ ಮಣಿ ತಿಂದುಹೋಗಿದ್ದರೆ ಇದು ಬೇಕಾಗಬಹುದು. ಮೂಳೆ ಪೂರ್ತಿ ಕೂಡಲು ಹಲವು ತಿಂಗಳು ಬೇಕು, ಕೆಲವರಿಗೆ ಒಂದು ವರ್ಷವೂ ಆಗುತ್ತದೆ. ಕೂಡಿದ ಜಾಗ ಮತ್ತೆ ಬಗ್ಗುವುದಿಲ್ಲ, ಅದರ ಭಾರ ಪಕ್ಕದ ಮಣಿಗಳ ಮೇಲೆ ಬೀಳುತ್ತದೆ.

ಖರ್ಚು ಹೆಚ್ಚಾಗುವುದೂ ಇದರಲ್ಲೇ, ಖಾಸಗಿಯಲ್ಲಿ ಲಕ್ಷಗಟ್ಟಲೆ ಆಗುತ್ತದೆ. ಆದ್ದರಿಂದ "ಸ್ಕ್ರೂ ಯಾಕೆ ಬೇಕು? ಅದಿಲ್ಲದೆ ಆಗುವುದಿಲ್ಲವೇ?" ಅಂತ ಕೇಳಲೇಬೇಕು. ಕೊಳವೆ ಕಿರಿದಾದ 247 ಜನರ ಮೇಲೆ ಸ್ವೀಡನ್ ದೇಶದಲ್ಲಿ ಮಾಡಿದ ಅಧ್ಯಯನ 2016ರಲ್ಲಿ ಬಂತು. ಕೊಳವೆ ಅಗಲ ಮಾಡಿದ್ದರ ಜೊತೆಗೆ ಬೆಸುಗೆಯನ್ನೂ ಮಾಡಿಸಿಕೊಂಡವರು, ಬರೀ ಕೊಳವೆ ಅಗಲ ಮಾಡಿಸಿಕೊಂಡವರಿಗಿಂತ ಎರಡು ವರ್ಷದ ನಂತರ ಹೆಚ್ಚು ಚೆನ್ನಾಗೇನೂ ಇರಲಿಲ್ಲ. ಮಣಿ ಸ್ವಲ್ಪ ಜಾರಿದ್ದವರಲ್ಲೂ ಫಲ ಹೀಗೇ ಇತ್ತು. ಬೆಸುಗೆ ಕೆಟ್ಟದ್ದು ಅಂತ ಇದರ ಅರ್ಥ ಅಲ್ಲ. ಬೇಕಾದವರಿಗೆ ಅದು ಬೇಕು, ಎಲ್ಲರಿಗೂ ಬೇಡ.

*4. ಸಿಮೆಂಟ್ ತುಂಬುವುದು:* ಮುಟ್ಟು ನಿಂತ ಮೇಲೆ ನಮ್ಮ ಮೂಳೆ ತೆಳುವಾಗುತ್ತದೆ. ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರಿಗೆ ಇನ್ನೂ ಬೇಗ. ಆಗ ಬಿಂದಿಗೆ ಎತ್ತಿದರೂ, ಜಾರಿ ಕೂತರೂ ಮಣಿ ಕುಸಿಯಬಹುದು. ಹೀಗೆ ಕುಸಿದ ಮಣಿಯೊಳಗೆ ಸೂಜಿಯಿಂದ ಮೂಳೆ ಸಿಮೆಂಟ್ ತುಂಬುವ ವಿಧಾನ ಇದೆ. ಅದಕ್ಕೆ ವರ್ಟಿಬ್ರೋಪ್ಲಾಸ್ಟಿ ಅನ್ನುತ್ತಾರೆ. 2009ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳಲ್ಲಿ ಸಿಮೆಂಟ್ ತುಂಬಿದವರಿಗೂ, ತುಂಬಿದಂತೆ ಮಾಡಿ ತುಂಬದೆ ಬಿಟ್ಟವರಿಗೂ ನೋವು ಒಂದೇ ಸಮ ಇಳಿದಿತ್ತು. ಆದ್ದರಿಂದ ಇದು ಎಲ್ಲರಿಗೂ ಮಾಡುವುದಲ್ಲ. ನೋವು ಬಹಳ ಇದ್ದು ಬೇರೆ ದಾರಿ ಇಲ್ಲದವರಿಗೆ ಡಾಕ್ಟರು ಯೋಚಿಸಿ ಹೇಳುತ್ತಾರೆ. ಮೂಳೆ ಗಟ್ಟಿಯಾಗಲು ಔಷಧಿ, ಕ್ಯಾಲ್ಸಿಯಂ, ರಾಗಿ, ಹಾಲು, ಬಿಸಿಲು, ನಡಿಗೆ ಇವು ಆಪರೇಷನ್ ಆದರೂ ಬೇಕು, ಆಗದಿದ್ದರೂ ಬೇಕು.

*5. ಕುತ್ತಿಗೆಯ ಆಪರೇಷನ್:* ಕುತ್ತಿಗೆಯ ಡಿಸ್ಕ್ ಒತ್ತಿದರೆ ಕೈಗೆ ನೋವು ಇಳಿಯುತ್ತದೆ. ಇದೂ ಹೆಚ್ಚಿನವರಿಗೆ ಆಪರೇಷನ್ ಇಲ್ಲದೆ ಇಳಿಯುತ್ತದೆ. ಆದರೆ ಅಲ್ಲಿ ಬೆನ್ನುಹುರಿಯೇ ಇರುವುದರಿಂದ ಹುರಿಯನ್ನೇ ಒತ್ತುತ್ತಿದ್ದರೆ ಎಚ್ಚರಿಕೆ ಬೇಕು. ರವಿಕೆ ಹುಕ್ಕು ಹಾಕಲು ಬರುತ್ತಿಲ್ಲ, ಅಕ್ಕಿಯಲ್ಲಿ ಕಲ್ಲು ಆರಿಸಲು ಬರುತ್ತಿಲ್ಲ, ನಡೆಯುವಾಗ ಕಾಲು ತೊಡರುತ್ತದೆ ಅಂದರೆ ತಡ ಮಾಡಬೇಡಿ. ಇಂಥವರಿಗೆ ಕುತ್ತಿಗೆಯ ಮುಂಭಾಗದಿಂದ ಡಿಸ್ಕ್ ತೆಗೆದು ಮಣಿಗಳನ್ನು ಬೆಸೆಯುತ್ತಾರೆ, ಇಲ್ಲವೇ ಹಿಂಭಾಗದಿಂದ ಕೊಳವೆ ಅಗಲ ಮಾಡುತ್ತಾರೆ.

*6. ಬೆನ್ನಿನ ಟಿಬಿ:* ಕ್ಷಯ ಶ್ವಾಸಕೋಶಕ್ಕೆ ಮಾತ್ರ ಬರುವುದಲ್ಲ, ಬೆನ್ನಿನ ಮಣಿಗೂ ಬರುತ್ತದೆ. ರಾತ್ರಿ ನೋವು, ಸಂಜೆ ಸಣ್ಣ ಜ್ವರ, ತೂಕ ಇಳಿಯುವುದು, ಬೆನ್ನಿನಲ್ಲಿ ಗೂನು ಎದ್ದಂತಾಗುವುದು ಇದರ ಗುರುತು. ಕೆಮ್ಮು ಇರಬೇಕೆಂದಿಲ್ಲ. ಇದಕ್ಕೆ ಮುಖ್ಯ ಚಿಕಿತ್ಸೆ ಮಾತ್ರೆಯೇ, ಆಪರೇಷನ್ ಅಲ್ಲ. ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಬಿಡದೆ ತೆಗೆದುಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ. ಪೌಷ್ಟಿಕ ಆಹಾರಕ್ಕೆ ಕೊಡುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿ ಆಗಿದೆ. ಕೀವು ನರವನ್ನು ಒತ್ತಿ ಕಾಲು ಸೋಲುತ್ತಿದ್ದರೆ ಅಥವಾ ಗೂನು ಹೆಚ್ಚುತ್ತಿದ್ದರೆ ಮಾತ್ರ ಆಪರೇಷನ್. ಆಪರೇಷನ್ ಆದರೂ ಮಾತ್ರೆ ಬಿಡುವಂತಿಲ್ಲ.

ಒಂದು ದಿನವೂ ತಡ ಮಾಡಬಾರದ ಲಕ್ಷಣಗಳು

ಇಷ್ಟು ಹೊತ್ತು ಕಾಯಬಹುದು ಅಂದೆವು. ಈಗ ಕಾಯಬಾರದ್ದನ್ನು ಹೇಳುತ್ತೇವೆ. ದಯವಿಟ್ಟು ಇದನ್ನು ಸಂಘದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

- ಸೊಂಟ ಅಥವಾ ಕಾಲು ನೋವಿನ ಜೊತೆ ಮೂತ್ರ ಕಟ್ಟಿಕೊಂಡರೆ, ಮೂತ್ರ ಅಥವಾ ಮಲ ತಿಳಿಯದೆ ಹೋಗುತ್ತಿದ್ದರೆ
- ಒಳತೊಡೆ, ಜನನಾಂಗ, ಗುದದ ಸುತ್ತ ಸ್ಪರ್ಶ ಗೊತ್ತಾಗದಿದ್ದರೆ
- ಪಾದ ಎತ್ತಲು ಬಾರದೆ ಚಪ್ಪಲಿ ಜಾರಿ ಬೀಳುತ್ತಿದ್ದರೆ, ಕಾಲಿನ ಬಲ ದಿನದಿಂದ ದಿನಕ್ಕೆ ಕಡಿಮೆ ಆಗುತ್ತಿದ್ದರೆ
- ಮರದಿಂದ, ಮಾಳಿಗೆಯಿಂದ, ಗಾಡಿಯಿಂದ ಬಿದ್ದ ಮೇಲೆ ಬೆನ್ನು ನೋವು ಬಂದರೆ
- ಜ್ವರ, ತೂಕ ಇಳಿಕೆ, ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬೆನ್ನು ನೋವು

ಮೊದಲ ಎರಡು ಲಕ್ಷಣ ಕಂಡರೆ ಅದೇ ದಿನ, ಅದೇ ರಾತ್ರಿ ದೊಡ್ಡ ಆಸ್ಪತ್ರೆಗೆ ಹೊರಡಿ, 108ಕ್ಕೆ ಕರೆ ಮಾಡಿ. ಆ ಕುದುರೆ ಬಾಲದ ನರಗಳು ಒಟ್ಟಿಗೇ ಒತ್ತಿ ಹೋಗಿವೆ ಅಂತ ಅರ್ಥ. ಒಂದೆರಡು ದಿನದೊಳಗೆ, ಆದಷ್ಟು ಬೇಗ ಆಪರೇಷನ್ ಆದರೆ ನರ ಉಳಿಯುವ ಅವಕಾಶ ಹೆಚ್ಚು. ತಡವಾದರೆ ಮೂತ್ರದ ಹಿಡಿತ ಜೀವನಪೂರ್ತಿ ಬಾರದೆ ಹೋಗಬಹುದು. ನಮ್ಮ ಹೆಣ್ಣುಮಕ್ಕಳು ಇದನ್ನು ಹೇಳಲು ನಾಚುತ್ತಾರೆ. ಗಂಡನಿಗೂ ಹೇಳುವುದಿಲ್ಲ, ಗಂಡು ಡಾಕ್ಟರಿಗೂ ಹೇಳುವುದಿಲ್ಲ. "ಉರಿಮೂತ್ರ ಇರಬೇಕು, ಸರಿಹೋಗುತ್ತೆ" ಅಂತ ಎರಡು ದಿನ ಕಳೆಯುತ್ತಾರೆ. ಸಂಘದಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಧೈರ್ಯ ಬರಲಿ ಅಂತಲೇ ನಾವು ಇದನ್ನು ಇಷ್ಟು ಬಿಡಿಸಿ ಹೇಳುತ್ತಿದ್ದೇವೆ.

ನಮ್ಮಲ್ಲಿರುವ ಕೆಲವು ತಿಳುವಳಿಕೆಗಳು

"ಹೆರಿಗೆ ಆಪರೇಷನ್‌ನಲ್ಲಿ ಬೆನ್ನಿಗೆ ಸೂಜಿ ಚುಚ್ಚಿದ್ದಕ್ಕೇ ಸೊಂಟ ನೋವು." ಇದನ್ನು ಕೇಳದ ಸಂಘವೇ ಇಲ್ಲ. ಆ ಸೂಜಿ ಚುಚ್ಚಿದ ಜಾಗದಲ್ಲಿ ಕೆಲವು ದಿನ ನೋವು ಇರಬಹುದು. ವರ್ಷಗಟ್ಟಲೆ ಇರುವ ಸೊಂಟ ನೋವಿಗೆ ಅದು ಕಾರಣ ಅಲ್ಲ ಅಂತ ಅಧ್ಯಯನಗಳು ತೋರಿಸಿವೆ. ಬಸಿರಿನಲ್ಲಿ ಹಿಗ್ಗಿದ ಸ್ನಾಯು, ಬಾಣಂತನ ಮುಗಿಯುವ ಮೊದಲೇ ಎತ್ತಿದ ಭಾರ, ಬಗ್ಗಿ ಮಗುವನ್ನು ಎತ್ತುವುದು, ರಕ್ತ ಕಡಿಮೆ ಇರುವುದು, ಇವೇ ಹೆಚ್ಚು. ಈ ಹೆದರಿಕೆಯಿಂದ ಬೇಕಾದಾಗಲೂ ಅರಿವಳಿಕೆ ಬೇಡ ಅನ್ನಬೇಡಿ.

"ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಉಳುಕು ಹೋಗುತ್ತೆ." ಸ್ನಾಯು ಹಿಡಿದುಕೊಂಡದ್ದು ತಾನಾಗಿ ಬಿಟ್ಟರೆ ಒದ್ದವರಿಗೆ ಹೆಸರು ಬರುತ್ತದೆ. ಆದರೆ ಡಿಸ್ಕ್ ಹರಿದಿದ್ದರೆ, ಮಣಿ ಕುಸಿದಿದ್ದರೆ, ಟಿಬಿ ಆಗಿದ್ದರೆ ಒದೆತ, ತುಳಿತ, ಜೋರಾಗಿ ತಿರುಚುವುದು ನರವನ್ನೇ ಹಾಳು ಮಾಡಬಹುದು.

"ಸೊಂಟ ನೋವು, ಬಿಳಿಸೆರಗು ಇದೆ, ಗರ್ಭಕೋಶ ತೆಗೆಸಿಬಿಟ್ಟರೆ ಸರಿ." ಕಲಬುರಗಿ ಜಿಲ್ಲೆಯಲ್ಲಿ ಬಡ ಹೆಣ್ಣುಮಕ್ಕಳಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ವಿಷಯ 2015ರಲ್ಲಿ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಮಣಿಯ ನಡುವಿನ ನರ ಒತ್ತಿದ್ದಕ್ಕೆ ಗರ್ಭಕೋಶ ತೆಗೆದರೆ ನೋವು ಹೋಗುವುದಿಲ್ಲ. ಮೂಳೆ ಮಾತ್ರ ಇನ್ನೂ ಸವೆಯಬಹುದು.

ಸಹಿ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಡಾಕ್ಟರ ಮುಂದೆ ಕೂತಾಗ ನಮಗೆ ಬಾಯಿ ಬರುವುದಿಲ್ಲ. ಗಂಡನೋ ಮಗನೋ ತಲೆ ಆಡಿಸಿ ಬರುತ್ತಾರೆ. ಆಪರೇಷನ್ ಆಗುವುದು ನಮ್ಮ ಬೆನ್ನಿಗೆ. ಆದ್ದರಿಂದ ಈ ಏಳು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.

1. ನನ್ನ ನೋವಿಗೆ ಕಾರಣ ಏನು? ಸ್ಕ್ಯಾನಿಂಗ್‌ನಲ್ಲಿ ಕಂಡದ್ದೇ ಕಾರಣ ಅಂತ ಹೇಗೆ ಗೊತ್ತು?
2. ಯಾವ ಆಪರೇಷನ್ ಮಾಡುತ್ತೀರಿ? ಸ್ಕ್ರೂ ಹಾಕುತ್ತೀರಾ? ಯಾಕೆ?
3. ಇದರಿಂದ ಯಾವ ನೋವು ಹೋಗುತ್ತದೆ, ಯಾವುದು ಉಳಿಯುತ್ತದೆ?
4. ಆರು ವಾರ ಕಾದರೆ ಏನಾಗುತ್ತದೆ? ಅಪಾಯ ಇದೆಯೇ?
5. ಏನೇನು ತೊಂದರೆ ಆಗಬಹುದು? ಸೋಂಕು, ನರದ ಪೆಟ್ಟು, ನರದ ಸುತ್ತಲಿನ ಪೊರೆ ಹರಿಯುವುದು, ಮತ್ತೆ ಆಪರೇಷನ್, ಇವು ಎಷ್ಟು ಮಂದಿಗೆ ಆಗುತ್ತವೆ?
6. ಎಷ್ಟು ದಿನ ಭಾರ ಎತ್ತಬಾರದು? ಕೂಲಿಗೆ ಯಾವಾಗ ಹೋಗಬಹುದು?
7. ಒಟ್ಟು ಖರ್ಚು ಎಷ್ಟು? ಸರ್ಕಾರದ ಯೋಜನೆಯಲ್ಲಿ ಆಗುತ್ತದೆಯೇ?

ಇವು ಜಗಳದ ಪ್ರಶ್ನೆಗಳಲ್ಲ. ಒಳ್ಳೆಯ ಡಾಕ್ಟರು ಸಂತೋಷದಿಂದ ಉತ್ತರ ಕೊಡುತ್ತಾರೆ. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುವುದು, ನಿಮ್ಮ ರಿಪೋರ್ಟ್‌ಗಳ ಪ್ರತಿ ಪಡೆಯುವುದು ರೋಗಿಯ ಹಕ್ಕು. 2019ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಕಳುಹಿಸಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿ ಇವೆರಡೂ ಇವೆ. ಸಕ್ಕರೆ ಕಾಯಿಲೆ, ಬಿಪಿ, ರಕ್ತ ತೆಳುವಾಗುವ ಮಾತ್ರೆ ಇದ್ದರೆ ಮುಚ್ಚಿಡದೆ ಹೇಳಿ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರು ಬಿಡಲೇಬೇಕು. ಅದರಲ್ಲಿರುವ ನಿಕೋಟಿನ್ ಮೂಳೆ ಕೂಡುವುದಕ್ಕೆ ಅಡ್ಡಿ ಮಾಡುತ್ತದೆ.

ಹಣದ ವಿಷಯ: ಸಾಲಕ್ಕೆ ಮೊದಲು ಕಾರ್ಡ್

ಸಂಘದಲ್ಲಿ ಸಾಲ ಕೇಳುವ ಮೊದಲು ಸರ್ಕಾರದ ಸೌಲಭ್ಯ ನೋಡಬೇಕು. 2018ರಿಂದ ನಡೆಯುತ್ತಿರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ನಿಗದಿಯಾದ ವೆಚ್ಚದ ನೂರಕ್ಕೆ 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿ. ಬೆನ್ನಿನ ಹಲವು ಆಪರೇಷನ್‌ಗಳು ಇದರಲ್ಲಿ ಸೇರಿವೆ. ಆದರೆ ದಾರಿ ಗೊತ್ತಿರಬೇಕು. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ರೆಫರಲ್ ಚೀಟಿ ಪಡೆದು ಯೋಜನೆಯಲ್ಲಿ ನೋಂದಾಯಿತ ಆಸ್ಪತ್ರೆಗೆ ಹೋಗಬೇಕು. ತುರ್ತು ಸಂದರ್ಭದಲ್ಲಿ ಚೀಟಿ ಇಲ್ಲದೆಯೂ ನೇರ ಹೋಗಬಹುದು. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅನ್ನುವವರು ಇರುತ್ತಾರೆ, ಹಣ ಕಟ್ಟುವ ಮೊದಲು ಅವರನ್ನು ಕೇಳಿ. ಮೊದಲೇ ಹಣ ಕಟ್ಟಿ ಆಪರೇಷನ್ ಮಾಡಿಸಿಕೊಂಡು ಆಮೇಲೆ ಕಾರ್ಡ್ ತೋರಿಸಿದರೆ ಪ್ರಯೋಜನ ಆಗುವುದಿಲ್ಲ.

ಸಹಕಾರಿ ಸಂಘದ ಸದಸ್ಯರಾದವರು ಯಶಸ್ವಿನಿ ನೋಂದಣಿ ಯಾವಾಗ ಅಂತ ಸೊಸೈಟಿಯಲ್ಲಿ ವಿಚಾರಿಸಿ. ಗಾರ್ಮೆಂಟ್ಸ್, ಕಾರ್ಖಾನೆಯಲ್ಲಿ ಇಎಸ್‌ಐ ಕಟ್ಟುವವರು ಇಎಸ್‌ಐ ಆಸ್ಪತ್ರೆಯಿಂದಲೇ ಶುರು ಮಾಡಿ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಸಂಜಯ ಗಾಂಧಿ ಆಸ್ಪತ್ರೆಯಂಥ ಸರ್ಕಾರಿ ಸಂಸ್ಥೆಗಳಲ್ಲಿ ಬೆನ್ನಿನ ತಜ್ಞರಿದ್ದಾರೆ. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮೂಳೆ ವಿಭಾಗ ಇದೆ.

ಮನೆಗೆ ಬಂದ ಮೇಲೆ

ನಿಜವಾದ ಕಷ್ಟ ಇಲ್ಲೇ. ಡಿಸ್ಕ್ ಆಪರೇಷನ್ ಆದವರು ಸುಮಾರು ಆರು ವಾರ ಭಾರ ಎತ್ತಬಾರದು, ಬಗ್ಗಿ ತಿರುಗಬಾರದು ಅಂತ ಡಾಕ್ಟರು ಹೇಳಿ ಕಳುಹಿಸುತ್ತಾರೆ. ಸ್ಕ್ರೂ ಹಾಕಿದವರಿಗೆ ಇನ್ನೂ ಹೆಚ್ಚು ಕಾಲ. ಮನೆಗೆ ಬಂದರೆ ಕೊಡ ಕಾಯುತ್ತಿರುತ್ತದೆ, ಹಸು ಕಾಯುತ್ತಿರುತ್ತದೆ, ಒಗೆಯುವ ಕಲ್ಲು ಕಾಯುತ್ತಿರುತ್ತದೆ. ಗಂಡಸಿಗೆ ಆಪರೇಷನ್ ಆದರೆ ಮನೆಯೆಲ್ಲ ಅವನನ್ನು ಮಲಗಿಸಿ ಉಪಚಾರ ಮಾಡುತ್ತದೆ. ಹೆಂಗಸಿಗೆ ಆದರೆ ಎಂಟನೇ ದಿನ "ಈಗ ಚೆನ್ನಾಗಿ ನಡೀತೀಯಲ್ಲ" ಅನ್ನುತ್ತದೆ. ಒಂದು ಸಂಘದ ಸದಸ್ಯೆಯೊಬ್ಬರು ಹತ್ತನೇ ದಿನಕ್ಕೇ ನೀರಿನ ಕೊಡ ಎತ್ತಿ, ಅದೇ ಕಾಲಿಗೆ ಮತ್ತೆ ನೋವು ಬಂದು ಎರಡನೇ ಸಲ ಆಪರೇಷನ್‌ಗೆ ಹೋದದ್ದನ್ನು ನಾವು ಬಲ್ಲೆವು.

ಇನ್ನೊಂದು ಸಂಘ ಹೀಗೆ ಮಾಡಿತು. ಸದಸ್ಯೆ ಆಸ್ಪತ್ರೆಯಿಂದ ಬರುವ ಮೊದಲೇ ಸಭೆ ಸೇರಿ ಸರದಿ ಹಾಕಿಕೊಂಡರು. ಹದಿನೈದು ಮಂದಿ ಇದ್ದರು. ದಿನಕ್ಕೊಬ್ಬರು ನೀರು ತಂದು ಕೊಟ್ಟರು, ಹುಲ್ಲು ಹಾಕಿದರು. ಒಬ್ಬೊಬ್ಬರಿಗೆ ಆರು ವಾರದಲ್ಲಿ ಮೂರು ದಿನದ ಕೆಲಸ ಬಂತು. ಸಾಲದ ಕಂತನ್ನು ಎರಡು ತಿಂಗಳು ಮುಂದೂಡಲು ಠರಾವು ಬರೆದರು. ಅವರ ಮನೆಯ ಗಂಡಸರನ್ನೂ ಕರೆದು ಡಾಕ್ಟರು ಹೇಳಿದ್ದನ್ನು ಓದಿ ಹೇಳಿದರು. ಇಂದು ಆಕೆ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ, ಕಂತು ಪೂರ್ತಿ ಕಟ್ಟಿದ್ದಾರೆ. ಆಪರೇಷನ್ ಮಾಡಿದ್ದು ಡಾಕ್ಟರು. ಅದನ್ನು ಉಳಿಸಿದ್ದು ಸಂಘ.

ಗಾಯದಿಂದ ಕೀವು ಅಥವಾ ನೀರು ಸೋರಿದರೆ, ಜ್ವರ ಬಂದರೆ, ಮೀನಖಂಡ ಊದಿಕೊಂಡರೆ, ಕಾಲು ಹೊಸದಾಗಿ ಸೋತರೆ ಮುಂದಿನ ತಾರೀಖಿಗೆ ಕಾಯದೆ ಆಸ್ಪತ್ರೆಗೆ ಹೋಗಿ. ಹೇಳಿಕೊಟ್ಟ ವ್ಯಾಯಾಮ ಬಿಡಬೇಡಿ, ನಡಿಗೆ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ.

ಸಹೋದರಿಯರೇ, ಬೆನ್ನಿನ ಆಪರೇಷನ್ ಭೂತವೂ ಅಲ್ಲ, ಮಂತ್ರವೂ ಅಲ್ಲ. ಒತ್ತಿದ ನರವನ್ನು ಬಿಡಿಸುವುದು, ಅಲುಗುವ ಮೂಳೆಯನ್ನು ನಿಲ್ಲಿಸುವುದು ಅದರ ಕೆಲಸ. ಆ ಕೆಲಸ ನಿಮಗೆ ಬೇಕೇ ಅಂತ ಕೇಳಿ ತಿಳಿಯಿರಿ. ಬೇಡವಾದರೆ ಧೈರ್ಯವಾಗಿ ಕಾಯಿರಿ. ಬೇಕಾದರೆ ಧೈರ್ಯವಾಗಿ ಮಾಡಿಸಿ. ಎರಡರಲ್ಲೂ ಒಬ್ಬರೇ ಇರಬೇಡಿ.

ಮುಂದಿನ ವಾರದ ಸಭೆಯಲ್ಲಿ ಚರ್ಚಿಸಿ

- ನಮ್ಮ ಸಂಘದಲ್ಲಿ ಸೊಂಟ ನೋವು ಎಷ್ಟು ಮಂದಿಗಿದೆ? ಕಾಲಿಗೆ ಇಳಿಯುವ ನೋವು ಯಾರಿಗಿದೆ?
- ಎಲ್ಲ ಸದಸ್ಯರ ಮನೆಯಲ್ಲಿ ಆರೋಗ್ಯ ಕಾರ್ಡ್ ಇದೆಯೇ? ಇಲ್ಲದವರಿಗೆ ಯಾರು ಜೊತೆಗೆ ಹೋಗಿ ಮಾಡಿಸಿಕೊಡುತ್ತೀರಿ?
- ಸದಸ್ಯೆಗೆ ಆಪರೇಷನ್ ಆದರೆ ಮನೆಗೆಲಸದ ಸರದಿ, ಕಂತಿನ ಮುಂದೂಡಿಕೆ ಬಗ್ಗೆ ನಮ್ಮ ಸಂಘದ ನಿಯಮ ಏನು? ಇಲ್ಲದಿದ್ದರೆ ಈ ಸಭೆಯಲ್ಲೇ ಠರಾವು ಮಾಡಿ.